ಆಯಿಯ ಕಾಶಿ

ಹುಣಸೆಹಣ್ಣು ಹಚ್ಚಿ ತಾಮ್ರದ ತಂಬಿಗೆ ತಿಕ್ಕುವಾಗ ಏಳುವ ಆ ಹುಳಿ ವಾಸನೆ ಇವತ್ತಿಗೂ ನನ್ನನ್ನು ಹುಮನಾಬಾದಿನ ಈ ಚಿಕ್ಕ ಅಡುಗೆಮನೆಯಿಂದ ಎಬ್ಬಿಸಿ, ಬಸವಕಲ್ಯಾಣದ ಕೋಟೆ ಬದಿಯ ಓಣಿಗೆ ಒಯ್ದು ಬಿಡುತ್ತದೆ. ಅಲ್ಲಿ ನಮ್ಮ ಆಯಿಯ, ಅಂದರೆ ಅವ್ವನ ತಾಯಿಯ ಮನೆಯಿತ್ತು. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ಈಗ ಅದರ ಪಡಸಾಲೆಯಿದ್ದ ಜಾಗದಲ್ಲಿ ಆಟೊಗಳು ನಿಲ್ಲುತ್ತವೆ. ಸೋಮವಾರ ಬೆಳಗ್ಗೆ ಆಯಿ ದೇವರ ಸಾಮಾನುಗಳನ್ನೆಲ್ಲ ಬಚ್ಚಲಲ್ಲಿ ಹರವಿಕೊಂಡು ಕೂರುತ್ತಿದ್ದಳು. ಗಂಟೆ, ದೀಪದ ಸಮೆ, ಆರತಿ ತಟ್ಟೆ ತಿಕ್ಕುವುದು ನನ್ನ ಪಾಲು. ಅಂಗೈಯಗಲದ ಒಂದು ನೀಲಿ ತುಂಡನ್ನು ಮಾತ್ರ ನನಗೆ ಮುಟ್ಟಗೊಡುತ್ತಿರಲಿಲ್ಲ. ಅದನ್ನು ತಾನೇ ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಹಚ್ಚಿ, ದೇವರ ಜಗುಲಿಯ ಮೇಲೆ ಇಡುತ್ತಿದ್ದಳು. ಅದು ಅವಳ ಕಾಶಿ.

ಕಾಶಿಗೆ ಹೋಗಬೇಕೆಂಬುದು ಆಯಿಯ ಜೀವದ ಆಸೆ. ಒಂದು ವರ್ಷ ಮಗಳ ಬಾಣಂತನ, ಮತ್ತೊಂದು ವರ್ಷ ಅತ್ತೆಯ ಕಾಯಿಲೆ, ಹೀಗೆ ಅದು ಮುಂದೆ ಮುಂದೆ ಬೀಳುತ್ತಲೇ ಹೋಯಿತು. ಆ ದಿನಗಳಲ್ಲೇ ಓಣಿಯ ಗೌಂಡಿ ಮೌಲಾಚಾಚಾ ನಮ್ಮ ಬಚ್ಚಲ ಗೋಡೆ ಕಟ್ಟಲು ಬಂದಿದ್ದರಂತೆ. ಅವರ ಚೀಲದಿಂದ ಈ ತುಂಡು ಜಾರಿ ಬಿತ್ತು. ಆಕಾಶದ ನೀಲಿ, ಅದರೊಳಗೆ ಬಿಳಿ ಬಳ್ಳಿ, ಅರ್ಧಕ್ಕೇ ಮುರಿದ ಒಂದು ಹೂವು. ಎಲ್ಲೋ ಕುಸಿದ ಹಳೆಯ ಗೋಡೆಯ ಮಣ್ಣು ತೆಗೆಯುವಾಗ ಸಿಕ್ಕಿದ್ದು. ಏನಿದು ಎಂದು ಆಯಿ ಕೇಳಿದಳು. "ಇದು ಕಾಶಿ ಅದರಿ ಅಕ್ಕಾ, ಬಾಳ ಹಳೇದು" ಎಂದರು ಚಾಚಾ. ಮುಂದಿನ ಮಾತು ಬಾಯಿಂದ ಹೊರಡುವ ಮೊದಲೇ ಆಯಿ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿದ್ದಳು.

ಶಾಲೆಯವರು ನಮ್ಮನ್ನು ಬೀದರಿಗೆ ಕರೆದೊಯ್ದಾಗ ನನಗೆ ಹತ್ತು ವರ್ಷ. ಅಲ್ಲಿನ ಹಳೆಯ ಮದರಸಾದ ಗೋಡೆಯ ಮೇಲೆ ಹಸಿರು, ಹಳದಿ, ಬಿಳಿ ಹೆಂಚುಗಳ ನಡುವೆ ನಮ್ಮ ಜಗುಲಿಯ ನೀಲಿಯೇ ಹೊಳೆಯುತ್ತಿತ್ತು. ಮಣ್ಣಿನ ಬಿಲ್ಲೆಗೆ ಗಾಜಿನಂಥ ಬಣ್ಣ ಬಳಿದು ಬೆಂಕಿಯಲ್ಲಿ ಸುಡುತ್ತಿದ್ದರಂತೆ. "ಇದಕ್ಕ ಕಾಶಿ ಕೆಲಸ ಅಂತಾರ" ಎಂದರು ಗುರುಗಳು. ಊರಿಗೆ ಬಂದವಳೇ ಚಾಚಾರ ಮನೆಗೆ ಓಡಿ, ಆಯಿಯ ಕಾಶಿ ಬರೀ ಹೆಂಚೇ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಗಾರೆಯ ಕರಣಿ ಕೆಳಗಿಟ್ಟರು. "ಹೇಳಬೇಕಂತ ಎಷ್ಟೋ ಸಲ ಬಂದೀನವ್ವಾ. ಬಂದಾಗೆಲ್ಲ ಆಕಿ ಅದರ ಮುಂದ ದೀಪ ಹಚ್ಚಾಕತ್ತಿರತಾಳ. ಹ್ಯಾಂಗ ಹೇಳಲಿ? ನೀನೂ ಹೇಳಬ್ಯಾಡ."

ಆಗಲಿ ಎಂದು ತಲೆಯಾಡಿಸಿ ಬಂದೆ. ಆದರೆ ನನ್ನ ನಾಲಗೆಗೆ ಆಗಲೂ ಲಗಾಮಿರಲಿಲ್ಲ. ಮುಂದಿನ ಸೋಮವಾರ ತುಂಡಿಗೆ ಕೈ ಹಾಕಿದೆ, ಆಯಿ ಕೈಮೇಲೆ ಒಂದೇಟು ಕೊಟ್ಟಳು, ಸಿಟ್ಟಿನಲ್ಲಿ ನಾನು ಅಂದೇಬಿಟ್ಟೆ: "ಅದು ಕಾಶೀದಲ್ಲ, ಬರೇ ಹಂಚು! ಚಾಚಾಗೂ ಗೊತ್ತದ!"

ಆಯಿ ತುಂಡನ್ನು ಎತ್ತಿ ಸೆರಗಿಗೆ ಗಂಟು ಹಾಕಿಕೊಂಡಳು. ಮೂರು ದಿನ ಅದು ಅಲ್ಲೇ ಇತ್ತು, ಜಗುಲಿಯ ಮೇಲೆ ಅದರ ಜಾಗ ಖಾಲಿ. ನಾಲ್ಕನೆಯ ದಿನ ಚಾಚಾರನ್ನು ಕರೆಸಿದಳು. ಅವರು ತಲೆ ತಗ್ಗಿಸಿ ಪಡಸಾಲೆಯ ಅಂಚಿನಲ್ಲಿ ನಿಂತರು.

"ತಮ್ಮಾ, ಖರೇ ಹೇಳು. ಇದಕ್ಕ ಕಾಶಿ ಅಂತ ಯಾಕ ಅಂತಾರ?"

"ಇರಾನದಾಗ ಕಾಶಾನ್ ಅಂತ ಊರು ಅದರಿ ಅಕ್ಕಾ. ಈ ಕೆಲಸಕ್ಕ ಆ ಊರಿನ ಹೆಸರ ಬಿತ್ತಂತ ನಮ್ಮ ಉಸ್ತಾದ್ ಹೇಳತಿದ್ರು."

"ಅದು ನಮ್ಮ ಕಾಶಿಗಿಂತ ದೂರನ?"

"ಬಾಳ ದೂರ ಅಕ್ಕಾ. ನಡುವ ಸಮುದ್ರ ಅದ."

ಆಯಿ ಸೆರಗಿನ ಗಂಟು ಬಿಚ್ಚಿದಳು. "ಸಮುದ್ರ ದಾಟಿ ನನ್ನ ಮನೀತನ ಬಂದದಂದ್ರ ಹೊರಗ ಹ್ಯಾಂಗ ಹಾಕಲಿ?" ಎಂದು ಅದನ್ನು ಮತ್ತೆ ಅದರ ಜಾಗದಲ್ಲಿಟ್ಟು, "ಚಹಾ ಕುಡದ ಹೋಗು" ಎಂದಳು. ಚಾಚಾ ಟವೆಲಿನಿಂದ ಮುಖ ಒರೆಸಿಕೊಂಡರು. ಆದರೂ ಅವತ್ತಿನಿಂದ ಆಯಿ ಕಾಶಿಗೆ ಹೋಗುವ ಮಾತೆತ್ತಲಿಲ್ಲ. ಅದು ನನ್ನಿಂದಾಗಿಯೇ ಎಂದು ನನ್ನ ಮನಸ್ಸು ಇಂದಿಗೂ ಹೇಳುತ್ತದೆ.

ಅವಳು ತೀರಿಹೋದದ್ದು ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ, ಒಂದು ಮಧ್ಯಾಹ್ನ. ಉಸಿರು ತಗ್ಗುತ್ತಾ ಬಂತು. ಬಾಯಿಗೆ ಬಿಡಲು ಗಂಗೆ ತನ್ನಿ ಎಂದು ಯಾರೋ ಅಂದರು. ಕಾಶಿಗೇ ಹೋಗದ ಮನೆಯಲ್ಲಿ ಗಂಗೆ ಎಲ್ಲಿಂದ ಬರಬೇಕು? ಅಕ್ಕಪಕ್ಕದಲ್ಲಿ ಕೇಳಲು ಅವ್ವ ಓಡಿದಳು. ನಾನು ಜಗುಲಿಯ ನೀಲಿ ತುಂಡನ್ನು ತೆಗೆದು, ಬಟ್ಟಲ ಮೇಲೆ ಹಿಡಿದು ನೀರು ಸುರಿದೆ. ಆ ನೀರನ್ನು ಚಮಚೆಯಲ್ಲಿ ತುಟಿಗೆ ತಾಗಿಸಿದಾಗ ಆಯಿ ಕಣ್ಣು ತೆರೆದಳು.

"ಎಲ್ಲೀ ನೀರವ್ವಾ?"

"ಕಾಶೀದು, ಆಯಿ."

ತುಟಿಯ ಕೊನೆಯಲ್ಲಿ ಹಳೆಯ ತುಂಟ ನಗು ಸುಳಿಯಿತು. "ಯಾವ ಕಾಶೀದು?"

"ನಿಂದು, ಆಯಿ. ನಿನ್ನ ಕಾಶೀದು."

ಅವಳು ಬಾಯಿ ತೆರೆದಳು.