ಷಡ್ಡಕನ ಕಂಪ್ಯೂಟರ್

ನನ್ನ ಷಡ್ಡಕ, ಅಂದ್ರ ನನ್ನ ಹೆಂಡ್ತಿ ತಂಗಿ ಗಂಡ, ಹುಕ್ಕೇರ್ಯಾಗ ಸರ್ಕಾರಿ ಕಚೇರಿಯೊಂದರಾಗ ಗುಮಾಸ್ತ ಇದ್ದ. ಎರಡು ಸಾವಿರದ ಇಸವಿ ಆಜೂಬಾಜೂ ಅವ ಮನಿಗೆ ಕಂಪ್ಯೂಟರ್ ತಂದ. ನಾನು ಗೋಕಾಕ ಬಸ್ ಸ್ಟ್ಯಾಂಡ್ ಎದುರಿನ ಮಾಳಗಿ ಮ್ಯಾಲೆ ಕಂಪ್ಯೂಟರ್ ಕ್ಲಾಸ್ ನಡಸಾಂವ. ಬೆಳಗಾದ್ರ ಐದು ಮಶೀನು ಬಿಚ್ಚಿ ಮುಚ್ಚಾಂವ, ಲಗ್ನಪತ್ರಿಕಿ ಟೈಪ್ ಮಾಡಾಂವ. ಆದ್ರ ನನ್ನ ಮನ್ಯಾಗ ಒಂದು ಕೀಬೋರ್ಡ್ ಸೈತ ಇರಲಿಲ್ಲ. ಷಡ್ಡಕ ಎರಡು ಬೆರಳಿಲೆ ಟೈಪ್ ಮಾಡಾಂವ, ಅಕ್ಷರ ಹುಡುಕಾಕ ಕೀಬೋರ್ಡಿಗೆ ಮೂಗು ಹಚ್ಚಾಂವ. ಅಂಥಾವನ ಪಡಸಾಲ್ಯಾಗ ಕಂಪ್ಯೂಟರ್ ಕುಂತಿತ್ತು, ಮ್ಯಾಲೆ ನಾದಿನಿ ಕೈಯಿಂದ ಹೆಣೆದ ಹೊದಿಕಿ, ಹಣಿಗೆ ಕುಂಕುಮ. ನೋಡಿದಾಗೊಮ್ಮೆ ನನಗ ಹೊಟ್ಟಿಕಿಚ್ಚು ಆಗತಿತ್ತು. ಯಾಕ ಸುಳ್ಳು ಹೇಳ್ಲಿ.

ಮಶೀನಿನ ಸಂಕಟ ಹೆಂಗರೆ ತಡಕೋಬಹುದಿತ್ತು, ಮಾವನವರದು ತಡಕೊಳ್ಳಾಕ ಆಗಲಿಲ್ಲ. ನಮಗಿಬ್ಬರಿಗೂ ಹೆಣ್ಣು ಕೊಟ್ಟ ಮಾವನವರು ಮೂಡಲಗಿಯಾವ್ರು, ಪ್ರಾಥಮಿಕ ಸಾಲಿ ಮಾಸ್ತರಿಕಿ ಮಾಡಿ ರಿಟೈರ್ ಆದಾವ್ರು. ಮೂವತ್ತು ವರ್ಷ ಅವರು ಒಡಪು ಕೂಡಿಸಿದ್ದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಸೀದಾ ಹೇಳಂಗಿಲ್ಲ. ಲಗ್ನದಾಗ, ಬಸರಿ ಕುಬುಸದಾಗ ಬಾಗಲಾ ಅಡ್ಡಗಟ್ಟಿ ಕೇಳಿದ್ರ, ಎರಡು ಸಾಲು ಪ್ರಾಸ ಕಟ್ಟಿ ಅದರಾಗ ಹೆಸರು ಸೇರಿಸಿ ಹೇಳತಾರ. ಅದ ಒಡಪು. ಯಾವ ಊರಿಗೆ ವರ್ಗ ಆದ್ರೂ ಮಾವನವರು ಅಲ್ಲಿ ಮುದುಕ್ಯಾರ ಮುಂದ ಕುಂತು ಬರಕೊಂಡಿದ್ದರು. ಹದಿನಾಲ್ಕು ನೋಟಬುಕ್ ತುಂಬಿದ್ದವು. ತೀರಿಕೊಂಡ ನಮ್ಮ ಅತ್ತಿ ಹೇಳತಿದ್ದ ಒಡಪೂ ಅದರಾಗಿತ್ತು. ಎಲ್ಲಾ ಸೇರಿಸಿ ಒಂದು ಪುಸ್ತಕ ಮಾಡಬೇಕಂತ ಮುದುಕರಿಗೆ ಒಂದ ಆಸೆ.

ಆ ನೋಟಬುಕ್ ಟೈಪ್ ಮಾಡಾಕ ಕೊಟ್ಟಿದ್ದು ಯಾರಿಗೆ? ಹುಕ್ಕೇರಿ ಅಳಿಯಗ.

ಮೂಡಲಗಿಯಿಂದ ಹುಕ್ಕೇರಿಗೆ ಹೋಗಬೇಕಂದ್ರ ಗೋಕಾಕದಾಗ ಇಳಿದು ಬಸ್ ಬದಲಿ ಮಾಡಬೇಕು. ಮಾವನವರು ತಿಂಗಳಿಗೊಮ್ಮೆ ಚೀಲದಾಗ ಒಂದು ನೋಟಬುಕ್ ಇಟಗೊಂಡು ಇಳಿಯಾವ್ರು, ನನ್ನ ಕ್ಲಾಸಿಗೆ ಬಂದು ಚಾ ಕುಡಿಯಾವ್ರು. ಐದು ಕಂಪ್ಯೂಟರ್ ನಡುವ ಆ ಚೀಲ ತೊಡಿಮ್ಯಾಲೆ ಇಟಗೊಂಡು, "ಹುಕ್ಕೇರಿ ಬಸ್ ಬಂತೇನ್ ನೋಡ್ರಿ" ಅನ್ನಾವ್ರು. ನಾ ಕಿಡಕ್ಯಾಗ ಹಣಿಕಿ ಹಾಕಿ ಹೇಳಾಂವ. "ನನಗ ಕೊಡ್ರಿ" ಅಂತ ಒಂದು ದಿನನೂ ಬಾಯಿ ಬಿಡಲಿಲ್ಲ. ಅವರಾಗಿ ಕೊಡಬೇಕಿತ್ತು, ನಾ ಯಾಕ ಕೇಳ್ಲಿ? ಹಿತ್ತಲ ಗಿಡ ಮದ್ದಲ್ಲ ಅಂತ ಹೆಂಡ್ತಿ ಮುಂದ ಹಾರ್ಯಾಡಿದೆ. "ಕೇಳಿದ್ರ ನಿಮ್ಮ ಗಂಟೇನು ಹೋಗತಿತ್ತು?" ಅಂದ್ಲು. ಅಕಿನ ಮ್ಯಾಲೂ ಸಿಟ್ಟು ಬಂತು.

ಹಬ್ಬಕ್ಕ ಇಬ್ಬರೂ ಅಳಿಯಂದಿರು ಮೂಡಲಗಿಗೆ ಹೋದ್ರ, ಬಂದಾವ್ರ ಮುಂದೆಲ್ಲಾ ಮಾವನವರದು ಒಂದ ಹಾಡು: "ನಮ್ಮ ಹುಕ್ಕೇರಿಯಾವ್ರು ಎಷ್ಟು ಕಾಳಜಿಲೆ ಟೈಪ್ ಮಾಡಾಕತ್ತಾರ ನೋಡ್ರಿ." ಷಡ್ಡಕ ತಲಿ ತಗ್ಗಿಸಿ ನಗಾಂವ. ನನ್ನ ಎಲಿಮ್ಯಾಲಿನ ಹೋಳಿಗಿ ಹಂಗ ಉಳೀತಿತ್ತು. ಖರೆ ಅಂದ್ರ ಅವ ಕೆಟ್ಟಾಂವ ಅಲ್ಲ. ಕೆಟ್ಟಾಂವ ಇದ್ದಿದ್ದರ ನನಗ ಇಷ್ಟು ತ್ರಾಸ ಆಗತಿರಲಿಲ್ಲ.

ಒಂದೂವರಿ ವರ್ಷಕ್ಕ ಟೈಪಿಂಗ್ ಮುಗೀತು. ಆ ವರ್ಷ ದಸರಾದಾಗ ದೇವಿ ಘಟ ಕೂಡ್ರಸೂ ಮುಂಚೆ ಎಲ್ಲಾರೂ ಮಾಡೂವಂಗ ನಾದಿನಿನೂ ಮನಿ ಸ್ವಚ್ಛ ಮಾಡಾಕ ನಿಂತ್ಲು. ಹಾಸಿಗಿ ಹೊದಿಕಿ ಒಗ್ಯಾಣಕ್ಕ ಬಿದ್ದವು, ಅಟ್ಟದ ಮ್ಯಾಲಿನ ಡಬ್ಬಿ ಕೆಳಗ ಬಂದವು. ಘಟದ ಮನ್ಯಾಗ ಬ್ಯಾಡಾದ ಸಾಮಾನು ಇರಬಾರದು, ವರ್ಷದಾಗ ಯಾರೂ ಮುಟ್ಟದ್ದನ್ನ ಹೊರಗ ಹಾಕೂದು ನಮ್ಮ ಕಡೆ ಪದ್ಧತಿ. ಟೈಪ್ ಆತಲ್ಲಾ ಅಂತ, ಹುಳ ತಿಂದ ಹದಿನಾಲ್ಕೂ ನೋಟಬುಕ್ ರದ್ದಿಯವಗ ಹಾಕಿದ್ಲು. ಕಡೀಕ ಕಂಪ್ಯೂಟರ್ ಉಳೀತು. ಹೊರಗ ಒರಸಿದ್ಲು, ಒಳಗೂ ಸ್ವಚ್ಛ ಮಾಡೂಣು ಅಂತ ಕುಂತ್ಲು. ಫೈಲ್ ಅಳಸೂದನ್ನ ಗಂಡನ ಕಲಿಸಿದ್ದ. ನೋಡಿದ್ರ ಒಂದು ಫೋಲ್ಡರಿನಾಗ ನೂರಾರು ಫೈಲ್, ಓದಾಕ ಬರದ ಹೆಸರು, ಮನ್ಯಾಗ ಯಾರೂ ಎಂದೂ ತಗೀದಂಥವು. ಮಶೀನು ಬ್ಯಾಡ ಅಂತ ಎಚ್ಚರಿಕಿ ಕೊಟ್ಟರೂ ಒತ್ತಿಕೋಂತ ಹೋದ್ಲು, ಮ್ಯಾಲೆ ಅದರ ಕಸದ ಬುಟ್ಟಿನೂ ಖಾಲಿ ಮಾಡಿದ್ಲು. ಮರುದಿನ ಚಾಲೂ ಮಾಡಿದ್ರ ಕರೇ ಪರದಿ, ಅದರ ಮ್ಯಾಲೆ ಬಿಳಿ ಅಕ್ಷರ: ಇಂಥಾ ಫೈಲ್ ಸಿಗವಲ್ದು.

ಷಡ್ಡಕ ಫೋನ್ ಮಾಡಿದ. "ಅಣ್ಣಾರ, ಮಾರಿದಾಂವನ್ನ ಕೇಳಿದೆ, ಫಾರ್ಮ್ಯಾಟ್ ಹೊಡೀಬೇಕು, ಒಳಗಿಂದೆಲ್ಲಾ ಹೋಗತೈತಿ ಅಂದ. ಒಡಪೆಲ್ಲಾ ಅದರಾಗ ಅದಾವ್ರಿ, ಬ್ಯಾರೆ ಎಲ್ಲೂ ಇಲ್ಲ. ನೀವ ಬರಬೇಕು." ನನಗ ಎಷ್ಟು ಖುಷಿ ಆತಂದ್ರ, ಫೋನ್ ಇಟ್ಟು ಇನ್ನೊಂದು ಚಾ ತರಿಸಿದೆ.

ರವಿವಾರ ಮುಂಜಾನೆ ಘಟಪ್ರಭಾ ಊರಿನ ಮ್ಯಾಲೆ ಹಾಯ್ದು ಹುಕ್ಕೇರಿ ಮುಟ್ಟಿದೆ. ಎಲ್ಲಾ ಅಳಿಸಿ ಹೊಸದಾಗಿ ಹಾಕೂದು ಎರಡು ತಾಸಿನ ಕೆಲಸ. ಹೋದ ಫೈಲ್ ಒಂದೊಂದ ಹೆಸರು ಹಿಡಿದು, ಸೀಡಿಯಿಂದ ತಗದು, ಅದರದರ ಜಾಗಾಕ್ಕ ಕುಂದ್ರಸೂದು ಇಡೀ ದಿನದ ಕೆಲಸ. ನಾ ತಂದಿದ್ದ ಫ್ಲಾಪಿಲೆ ಮಶೀನು ಚಾಲೂ ಮಾಡಿ ಕುಂತೆ. ಫಾರ್ಮ್ಯಾಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ರ ಯಾರೂ ನನಗ ಏನೂ ಅನ್ನತಿರಲಿಲ್ಲ. ಮಾರಿದಾಂವನೂ ಅದನ್ನ ಹೇಳಿದ್ದ. ಟೈಪ್ ಮಾಡಿದೆ ಸೈತ. ಮಾವನವರ ಮಾರಿ ನೆನಪಾಗಿ ಅಳಿಸಿದೆ. ಷಡ್ಡಕನ ಸಲುವಾಗಿ ಅಲ್ಲ.

ಒಂದು ಫೈಲ್ ಕುಂದ್ರಸಿದ್ರ ಮಶೀನು ಇನ್ನೊಂದರ ಹೆಸರು ಹೇಳತಿತ್ತು, ಅದನ್ನ ಕೊಟ್ರ ಮತ್ತೊಂದು. ನಾದಿನಿ ರೊಟ್ಟಿ ಜುಣಕಾ ತಂದಿಟ್ಟು, "ಮಾಮಾ, ನನ್ನಿಂದ ಆತು" ಅಂತ ಸೆರಗು ಬಾಯಿಗೆ ಹಚಗೊಂಡು ಬಾಗಲದಾಗ ನಿಂತ್ಲು. ಇಳಿಹೊತ್ತಿಗೆ ಪರದಿ ಮ್ಯಾಲೆ ಬಣ್ಣ ಬಂತು. ಒಡಪಿನ ಫೈಲ್ ತಗದೆ. ಪುಟದ ತುಂಬ ಕೊಂಡಿ, ಗೀಟು, ಇಂಗ್ಲಿಷಿನ ಚೂರು ಅಕ್ಷರ, ಕನ್ನಡದ್ದು ಒಂದೂ ಇಲ್ಲ.

ನನಗ ನೋಡಿದ ಕೂಡಲೆ ತಿಳೀತು. ಪರದಿ ಮ್ಯಾಲೆ ಅಕ್ಷರ ತೋರಸೂ ಕನ್ನಡ ಫಾಂಟಿನ ಫೈಲೂ ಅಕಿ ಸ್ವಚ್ಛ ಮಾಡಿದ್ದರಾಗ ಹೋಗಿತ್ತು. ಅದು ನನ್ನ ಕ್ಲಾಸಿನ್ಯಾಗ ಇತ್ತು. ತಂದು ಹಾಕಿದ್ರ ಒಂದು ಗಳಿಗ್ಯಾಗ ಅಕ್ಷರ ಮೂಡತಿದ್ದವು. ಒಡಪು ಒಂದೂ ಹೋಗಿರಲಿಲ್ಲ.

ಷಡ್ಡಕ ನನ್ನ ಹಿಂದ ನಿಂತು ಆ ಕಸ ನೋಡಾಕತ್ತಿದ್ದ. "ಹೋದವೇನ್ರಿ ಅಣ್ಣಾರ?" ಅಂತ ಕೇಳಿದ.

"ಹೋದವು" ಅಂದೆ.

ಅವ ಹಂಗ ನೆಲಕ್ಕ ಕುಂತ. ನಾದಿನಿ ಒಳಗ ಹೋಗಿ ಬಾಗಲಾ ಹಾಕಿಕೊಂಡ್ಲು. ನಾ ಒಂದು ಫ್ಲಾಪಿಗೆ ಫೈಲ್ ಹಾಕಿಕೊಂಡು, "ಒಯ್ದು ನೋಡತೇನಿ, ಆಸೆ ಇಟಗೋಬ್ಯಾಡ್ರಿ" ಅಂತ ಎದ್ದೆ. ಬಸ್ಸಿನ್ಯಾಗ ಕುಂತು ಲೆಕ್ಕ ಹಾಕಿದೆ. ಮೊದಲ ಅವ ಹೋಗಿ ಮಾವನವರ ಮುಂದ ಹೇಳ್ಲಿ, ಅವರು ಬೈಲಿ. ಆಮ್ಯಾಲೆ ನಾ ಹೋಗತೇನಿ, ಕೈಯಾಗ ಎಲ್ಲಾ ಹಿಡಕೊಂಡು. ಸೋಮವಾರ ಕ್ಲಾಸಿನ್ಯಾಗ ಫೈಲ್ ತಗದೆ, ಕನ್ನಡ ಮುತ್ತಿನಂಗ ಮೂಡಿತು. ಪ್ರಿಂಟ್ ತಗದು, ದಾರ ಹಾಕಿ, ಮ್ಯಾಲೆ ಕೆಂಪು ರಟ್ಟು ಕಟ್ಟಿಸಿದೆ. ಅವಸರ ಮಾಡಲಿಲ್ಲ.

ಮಂಗಳವಾರ ಮೂಡಲಗಿಗೆ ಹೋದಾಗ ಮಾವನವರು ಕಟ್ಟಿಮ್ಯಾಲೆ ಕುಂತು ಹೊಸಾ ನೋಟಬುಕ್ಕಿನಾಗ ಬರಿಯಾಕತ್ತಿದ್ದರು.

"ಬರ್ರಿ" ಅಂದ್ರು. "ಹುಕ್ಕೇರಿಯಾವ್ರು ನಿನ್ನೆ ರಜಾ ಹಾಕಿ ಬಂದಿದ್ರು. ಕಾಲು ಹಿಡಿಯಾಕ ಬಂದ್ರು, ಬ್ಯಾಡ್ರಿ ಅಂದೆ. ಉಣ್ಣದ ಹೋದ್ರು. ಇರಲಿ, ನೆನಪಾದಷ್ಟು ಮತ್ತ ಬರಿಯಾಕತ್ತೇನಿ. ನಿಮ್ಮ ಅತ್ತೀದು ಒಂದು ಸಾಲು ಬಂತು, ಇನ್ನೊಂದು ಬರವಲ್ದು."

ಪುಟದ ಮ್ಯಾಲೆ ಹನ್ನೊಂದು ಒಡಪು ಇದ್ದವು. ಮೊದಲಿಂದು ಅರ್ಧಕ್ಕ ನಿಂತಿತ್ತು. ನಾ ಕೆಂಪು ರಟ್ಟಿನ ಕಟ್ಟು ಅವರ ತೊಡಿಮ್ಯಾಲೆ ಇಟ್ಟೆ.

ಮಾವನವರು ಬಿಚ್ಚಿದ್ರು. ಪುಟ ಹೊಳ್ಳಿಸಿಕೋಂತ ಹೋಗಿ ಒಂದು ಕಡೆ ನಿಂತ್ರು, ಸಾಲಿನ ಕೆಳಗ ಬೆರಳು ಇಟ್ಟು ತುಟಿ ಅಳ್ಳಾಡಿಸಿ ಓದಿದ್ರು. ಅತ್ತೀದು ಅಂತ ಗೊತ್ತಾತು. ಎರಡು ಸಲ ಓದಿದ್ರು. ನಾ ಶಾಬಾಶ್ ಅನ್ನೂದನ್ನ ಕಾಯಾಕತ್ತಿದ್ದೆ.

"ಇವು ಎಂದು ಸಿಕ್ಕವ್ರಿ?" ಅಂತ ಕೇಳಿದ್ರು.

ಬಸ್ಸಿನ್ಯಾಗ ಬರೂ ಮುಂದ ಇದಕ್ಕೊಂದು ಸುಳ್ಳು ತಯಾರ ಮಾಡಿ ಇಟ್ಟಿದ್ದೆ. ಅವರ ಬೆರಳು ಇನ್ನೂ ಆ ಸಾಲಿನ ಕೆಳಗ ಇತ್ತು. "ರವಿವಾರ" ಅಂತ ಬಾಯಿಗೆ ಬಂತು.

"ಹುಕ್ಕೇರ್ಯಾಗ ಇದ್ದಾಗನ?"

"ಹೂಂ."

ಮಾವನವರು ಚಷ್ಮಾ ತಗದು ಧೋತರದ ಚುಂಗಿಲೆ ಒರಸಿದ್ರು. ಬೈಯಲಿಲ್ಲ, ಯಾಕಂತ ಕೇಳಲಿಲ್ಲ. ಬೈದಿದ್ರ ನಾನೂ ನಾಲ್ಕು ಮಾತು ಆಡಾಂವ ಇದ್ದೆ, ಒಂದೂವರಿ ವರ್ಷದ್ದು ಹೊಟ್ಟ್ಯಾಗ ಇತ್ತು. ಅವರು ಎದ್ದು ಟೊಪ್ಪಿಗಿ ಹಾಕ್ಕೊಂಡು, "ನಡ್ರಿ" ಅಂದ್ರು. ಬಾಜೂಕ ಎಸ್‌ಟಿಡಿ ಅಂಗಡಿ ಇತ್ತು. ಹುಕ್ಕೇರಿ ಕಚೇರಿ ನಂಬರ್ ತಿರುವಿಸಿ ಷಡ್ಡಕನ್ನ ಕರಸಿದ್ರು.

"ಸಿಕ್ಕಾವ್ರಿ" ಅಂದ್ರು. "ಎಲ್ಲಾ ಸಿಕ್ಕಾವು, ಒಂದೂ ಹೋಗಿಲ್ಲ. ನಮ್ಮ ಗೋಕಾಕದಾವ್ರು ಫ್ಲಾಪಿ ಒಯ್ದು ಎರಡು ದಿನ ಕುಂತು ತಗದಾರ. ಅವರಂಥಾ ಕೆಲಸಗಾರ ನಮ್ಮ ಮನ್ಯಾಗ ಇನ್ನೊಬ್ಬರಿಲ್ಲ ನೋಡ್ರಿ."

ಈ ಮಾತು ಅವರ ಬಾಯಿಲೆ ಕೇಳಬೇಕಂತ ನಾ ಎಷ್ಟು ವರ್ಷ ಹಂಬಲಿಸಿದ್ದೆ. ನಿಂತ ನೆಲ ಬಾಯಿ ಬಿಟ್ಟಿದ್ರ ಇಳಿದು ಹೋಗತಿದ್ದೆ.

ಅವರು ಫೋನ್ ನನ್ನ ಕಡೆ ಚಾಚಿದ್ರು. "ಮಾತಾಡ್ರಿ, ಅಳಾಕತ್ತಾರ" ಅಂದು, ನನ್ನ ಮಾರಿ ನೋಡದ ಹೊರಗ ಹೋಗಿ ನಿಂತ್ರು.