ಪಿಳ್ಳಮ್ಮನ ಮೂರು ನಿಮಿಷ

ಹೊಸ ತಿಪ್ಪಸಂದ್ರದ ತೇಜಶ್ರೀ ಇಪ್ಪತ್ತೊಂದು ವರ್ಷಗಳಿಂದ ಟೀವಿಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾಳೆ. ಅವಳದೊಂದು ನೇಮ: ಚಿತ್ರದಲ್ಲಿ ಮಾತಾಡಿದವರಿಗೇ ಮೊದಲು ತೋರಿಸುತ್ತಾಳೆ; ಅವರು ಒಪ್ಪದೆ ಏನನ್ನೂ ಪ್ರಸಾರಕ್ಕೆ ಕೊಡುವುದಿಲ್ಲ. ಜೊತೆಗಾರರು ಇದನ್ನು ಹುಚ್ಚು ಎನ್ನುತ್ತಾರೆ.

ಕಳೆದ ವರ್ಷ, ನಗರದೊಳಗೆ ಸೇರಿಹೋದ ಊರುಗಳ ಚಿತ್ರಕ್ಕಾಗಿ ದೊಡ್ಡನೆಕ್ಕುಂದಿಯ ಪಿಳ್ಳಮ್ಮನನ್ನು ಮಾತಾಡಿಸಿದ್ದಳು. ರಾಗಿ ಹೊಲದ ನೆನಪು ಹೇಳುತ್ತ ಪಿಳ್ಳಮ್ಮ, ತೀರಿಕೊಂಡ ತನ್ನ ಗಂಡ ಬಾಂದುಕಲ್ಲನ್ನು ಕಿತ್ತು ಪಕ್ಕದ ಮುನಿಶಾಮಿಯ ಹೊಲದೊಳಕ್ಕೆ ನಾಲ್ಕು ಮೊಳ ಸರಿಸಿ ನೆಟ್ಟಿದ್ದನ್ನೂ ಹೇಳಿಬಿಟ್ಟಿದ್ದರು. ಆ ಮೂರು ನಿಮಿಷವೇ ಚಿತ್ರದ ಜೀವವೆಂದು ತೇಜಶ್ರೀಗೆ ಗೊತ್ತಿತ್ತು. ಚಿತ್ರ ಸಿದ್ಧವಾದ ಮೇಲೆ ಪಿಳ್ಳಮ್ಮನ ಮನೆಗೇ ಹೋಗಿ ಲ್ಯಾಪ್‌ಟಾಪ್ ತೆರೆದು ತೋರಿಸುವಾಗ ಅವಳಿಗೆ ಅಳುಕಿತ್ತು.

ಪಿಳ್ಳಮ್ಮ ಪೂರ್ತಿ ನೋಡಿದರು. "ಆ ಕಲ್ಲಿನ್ ಮಾತು ತೆಗ್ದ್ಬಿಡವ್ವ."

"ಅಜ್ಜಿ, ಅದೇ ಚೆನ್ನಾಗಿರೋದು. ನಿಜ ತಾನೇ?"

"ನಿಜ ಕಣವ್ವ. ಆದ್ರೆ ಮುನಿಶಾಮಿ ಪಕ್ಕದ್ ಮನೇಲೇ ಅವ್ನೆ. ದಿನಾ ಕಾಫಿಗ್ ಬತ್ತಾನೆ. ಅವ್ನಿಗ್ ಹೇಳ್ದೆ ಊರಿಗೆಲ್ಲ ಹೇಳಿದ್ರೆ ನನ್ ಮುಖಕ್ ಉಗೀತಾನೆ."

ತೇಜಶ್ರೀ ಅವರೆದುರೇ ಆ ಭಾಗವನ್ನು ತೆಗೆದುಹಾಕಿದಳು.

ಪಿಳ್ಳಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ನೀನೂ ಬಾ, ಒಬ್ಳೇ ಹೋಗಾಕೆ ಧೈರ್ಯ ಇಲ್ಲ. ಅದ್ನ್ ಮಾತ್ರ ತರ್ಬೇಡ" ಎಂದು ಕ್ಯಾಮೆರಾದ ಚೀಲ ತೋರಿಸಿದರು.

ಚೀಲ ಅಲ್ಲೇ ಬಿಟ್ಟು ತೇಜಶ್ರೀ ಅವರ ಕೈಹಿಡಿದು ಮೆಟ್ಟಿಲಿಳಿದಳು. ಮುನಿಶಾಮಿ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು.

"ಏನ್ ಪಿಳ್ಳಕ್ಕ, ಟೀವಿಯೋರ್ನ ನನ್ ಮನೆಗೂ ಕರ್ಕೊಂಡ್ ಬಂದ್ಯಾ?" ಎಂದು ನಕ್ಕರು.

"ಪೇಪರ್ ಕೆಳಗಿಡಪ್ಪ" ಎಂದರು ಪಿಳ್ಳಮ್ಮ. "ನಲ್ವತ್ ವರ್ಷದ್ ಹಿಂದೇನೇ ಹೇಳ್ಬೇಕಿದ್ ಮಾತು ಒಂದೈತೆ."