ಮಸಿ ಬೀಳದ ಹೂಗಳು

ಆ ಚಿತ್ರಗಳನ್ನು ತೆಗೆದವನು ನಾನಲ್ಲ. ಕುವೈತಿನ ಎಣ್ಣೆಬಾವಿಗಳು ಉರಿಯುತ್ತಿದ್ದ ವರ್ಷ ಮುಂಬಯಿಯ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಅವು ನನ್ನ ಹೆಸರಿನಲ್ಲಿ ಅಚ್ಚಾದವು — ಹೊಗೆಯ ಮಸಿ ಕವಿದು ಕಪ್ಪಾದ ದಾಸವಾಳ, ಕಪ್ಪಾದ ಚೆಂಡುಹೂ, ಕಪ್ಪು ಎಲೆಗಳ ಹಿಂದೆ ಬಿಳಿಚಿಕೊಂಡ ಆಕಾಶ. ನೋಡಿದವರು ಮರುಗಿದರು, ನನ್ನನ್ನು ಹೊಗಳಿದರು. ಆದರೆ ಆ ಹೂಗಳ ಮೇಲೆ ಮಸಿ ಬಿದ್ದೇ ಇರಲಿಲ್ಲ. ಅವು ಯುದ್ಧಕ್ಕೆ ಮೊದಲಿನ ಹೂಗಳು, ಬಣ್ಣದ ಚಿತ್ರಗಳು, ತೆಗೆದವರು ಶಾರದಕ್ಕ. ನಾನು ಮಾಡಿದ್ದು ಅವನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನನ್ನವು ಅಂದದ್ದು, ಅಷ್ಟೇ. ಅಷ್ಟೇ ಅಂದೆನೇ? ಅಷ್ಟೇ ಆಗಿದ್ದರೆ ಬಹುಶಃ ಇದನ್ನು ಬರೆಯುತ್ತಲೂ ಇರಲಿಲ್ಲ.

ನಾನು ಕಾರ್ಕಳದ ಕಡೆಯವ. ಕುವೈತಿನ ಸಾಲ್ಮಿಯಾದ ಒಂದು ಸ್ಟುಡಿಯೋದಲ್ಲಿ ಫಿಲ್ಮ್ ತೊಳೆಯುವ, ಪ್ರಿಂಟ್ ಹಾಕುವ ಕೆಲಸಕ್ಕಿದ್ದೆ. ವಾಸದ ಪರವಾನಗಿ ಇಕಾಮಾಕ್ಕೆ ಬೇಕಾದ ಮುಖಗಳು, ಮಕ್ಕಳ ಹುಟ್ಟುಹಬ್ಬದ ಕೇಕುಗಳು, ಸಮುದ್ರದ ದಂಡೆಯಲ್ಲಿ ಕಪ್ಪು ಕನ್ನಡಕ ಹಾಕಿ ನಿಂತ ಹುಡುಗರು — ದಿನವಿಡೀ ಇವೇ. ಇವುಗಳ ನಡುವೆ ಬರೀ ಹೂಗಳ ರೋಲು ತರುತ್ತಿದ್ದವರು ಶಾರದಕ್ಕ ಒಬ್ಬರೇ. ಧಾರವಾಡದವರು. ಗಂಡ ಬಸವರಾಜ ಸರ್ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇಂಜಿನಿಯರ್. ಅಹ್ಮದಿಯ ಕಂಪನಿ ಮನೆಯ ಮುಂದೆ, ಆ ಉಪ್ಪು ಮರಳಿನಲ್ಲಿ, ಇಬ್ಬರೂ ಸೇರಿ ತೋಟ ಮಾಡಿದ್ದರು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದ ಸರ್ ಬೂಟು ಬಿಚ್ಚದೆ ನೇರ ಪೈಪು ಹಿಡಿದು ನಿಲ್ಲುತ್ತಾರೆ ಎಂದು ಅಕ್ಕ ನಗುತ್ತ ಹೇಳುತ್ತಿದ್ದರು.

ಪ್ರಿಂಟಿನಲ್ಲಿ ಕೆಂಪು ಸ್ವಲ್ಪ ಹೆಚ್ಚಾದರೆ ಹಿಂದೆ ತರುತ್ತಿದ್ದರು. "ತಮ್ಮಾ, ನಮ್ಮ ದಾಸಾಳ ಇಷ್ಟು ಗಾಢ ಇಲ್ಲೋ. ಸ್ವಲ್ಪ ತಿಳಿ ಮಾಡು." ನಾನು ಮತ್ತೆ ಹಾಕಿಕೊಡುತ್ತಿದ್ದೆ. ಗಿರಾಕಿಗಳಲ್ಲಿ ಬೇರೆ ಯಾರೂ ನನ್ನ ಕೆಲಸವನ್ನು ಅಷ್ಟು ಹೊತ್ತು ನೋಡಿದ್ದಿಲ್ಲ. ಇದನ್ನೂ ಹೇಳಿಬಿಡಬೇಕು — ಅವರ ಕಣ್ಣು ಒಳ್ಳೆಯದಿತ್ತು. ನಾನು ಅದೇ ಕೆಲಸದಲ್ಲಿ ಬೆಳೆದವನು, ನನಗೆ ಹಾಗೆ ನೋಡಲು ಬರುತ್ತಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು.

ತೊಂಬತ್ತರ ಬೇಸಿಗೆಯಲ್ಲಿ ಅಕ್ಕ ಊರಿಗೆ ಹೊರಟರು. ಕಡೆಗೂ ಬಸಿರಾಗಿದ್ದರು, ಹೆರಿಗೆ ಧಾರವಾಡದಲ್ಲಿ ಎಂದು ತೀರ್ಮಾನವಾಗಿತ್ತು. ಹೊರಡುವ ಮೊದಲು ಒಂದು ರೋಲು ಕೊಟ್ಟರು. ಆ ವಸಂತದಲ್ಲೆಲ್ಲ ತೆಗೆದದ್ದು. "ತೊಳೆದಿಟ್ಟಿರು. ನಾ ಬಂದ ಮ್ಯಾಲ ಎದುರಿಗೆ ಕೂತು ಪ್ರಿಂಟ್ ಹಾಕ್ಸತೀನಿ. ಇದರಾಗ ನಮ್ಮವರದೂ ಒಂದು ಐತಿ."

ತೊಳೆದಿಟ್ಟೆ. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು.

ಆ ದಿನಗಳ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ, ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಸ್ಟುಡಿಯೋ ಮುಚ್ಚಿತು. ಹೊರಡುವಾಗ ನನ್ನ ಬಟ್ಟೆಯ ಚೀಲದಲ್ಲಿ ಅಕ್ಕನ ನೆಗೆಟಿವುಗಳನ್ನು ಇಟ್ಟುಕೊಂಡೆ — ಯಾಕೆ ಎಂದು ಕೇಳಿದರೆ ಆಗ ಹೇಳಲಾಗುತ್ತಿರಲಿಲ್ಲ. ಅದೊಂದು ಒಳ್ಳೆಯ ಕೆಲಸ ಮಾಡಿದ್ದೆ. ಬಸವರಾಜ ಸರ್ ಮತ್ತು ನಾನು ಒಂದೇ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಡೇರೆಗಳವರೆಗೆ ಹೋದೆವು. ನೀರಿಗೆ ಸಾಲು, ರೊಟ್ಟಿಗೆ ಸಾಲು, ವಿಮಾನದ ಪಟ್ಟಿಗೆ ಸಾಲು. ಸರ್ ಸಾಲಿನಲ್ಲಿ ನಿಂತವರಲ್ಲ. ಹೆಂಗಸರನ್ನೂ ಮಕ್ಕಳನ್ನೂ ಮುಂದೆ ಬಿಟ್ಟು ತಾವು ಹಿಂದೆ ಸರಿಯುತ್ತಿದ್ದರು. ಅವರಿಗೆ ಎದೆಯ ತೊಂದರೆ ಇದ್ದದ್ದು, ಮಾತ್ರೆ ಮುಗಿದದ್ದು, ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಡೇರೆಯ ನೆರಳಿನಲ್ಲಿ ಮಲಗಿದ್ದವರು ಕೇಳಿದರು: "ವಿಠಲ, ಆ ಫಿಲ್ಮ್ ಐತಲ್ಲ?"

"ಉಂಟು ಸರ್. ಚೀಲದಲ್ಲಿ."

"ಹುಷಾರಾಗಿ ಇಟ್ಕೋ. ಮನಿ ಹೋತು, ಸಾಮಾನು ಹೋತು. ಅಕಿ ಹೂವರ ಉಳೀಲಿ."

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ಅಲ್ಲೇ ಹೂಳಿದೆವು. ತಮ್ಮಲ್ಲಿ ಹೂಳುವುದೇ ಪದ್ಧತಿ ಎಂದು ಅವರು ಹಿಂದೆಂದೋ ಹೇಳಿದ್ದು ನೆನಪಾಗಿ, ಅದೊಂದು ಸಮಾಧಾನ ಮಾಡಿಕೊಂಡೆ.

ಊರು ಸೇರಿದ ಮೇಲೆ ನಾನು ಧಾರವಾಡಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಸುದ್ದಿ ಸರಕಾರದ ಕಡೆಯಿಂದ ಆಗಲೇ ತಲುಪಿತ್ತು. ತುಂಬಿದ ಬಸುರಿಯ ಎದುರು ಕೂತು ಗಂಡನ ಕಡೆಯ ದಿನಗಳನ್ನು ವಿವರಿಸುವ ಧೈರ್ಯ ನನಗೆ ಬರಲಿಲ್ಲ. ಪ್ರಿಂಟ್ ಹಾಕಿಸಿಕೊಂಡೇ ಹೋಗೋಣ ಎಂದು ನೆಪ ಹುಡುಕಿಕೊಂಡೆ. ಮಗು ಹುಟ್ಟಿತು ಎಂದು ಯಾರಿಂದಲೋ ತಿಳಿಯಿತು. ಆಗಲೂ ಹೋಗಲಿಲ್ಲ. ಹಾಗೇ ದಿನ ಕಳೆದು, ಯುದ್ಧ ಮುಗಿದು, ಕೆಲಸಕ್ಕೆ ಕರೆಸಿಕೊಂಡಿದ್ದ ಮಾಲೀಕ, ನನ್ನ ಕಫೀಲ್, ಹೇಳಿಕಳಿಸಿದಾಗ ನೆಗೆಟಿವುಗಳ ಸಮೇತ ಕುವೈತಿಗೆ ವಾಪಸು ಹೋದೆ — ಅಲ್ಲಿ ನನ್ನ ಕೈಯಿಂದಲೇ ಹಾಕಿ ಕಳಿಸುತ್ತೇನೆ ಎಂದುಕೊಂಡು.

ತೊಂಬತ್ತೊಂದರ ಆ ಬೇಸಿಗೆಯಲ್ಲಿ ಹಗಲು ಹನ್ನೆರಡಕ್ಕೂ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು. ಒಣಗಲು ಹಾಕಿದ ಬನಿಯನ್ ಸಂಜೆಗೆ ಕಪ್ಪು. ಲೂಟಿಯಾದ ಸ್ಟುಡಿಯೋದಲ್ಲಿ ಕಲರ್ ಮೆಷಿನ್ ಇರಲಿಲ್ಲ, ಕ್ಯಾಮೆರಾಗಳಿರಲಿಲ್ಲ. ನೆಗೆಟಿವಿನಿಂದ ಪ್ರಿಂಟ್ ಹಾಕುವ ಹಳೆಯ ಎನ್‌ಲಾರ್ಜರನ್ನು ಮಾತ್ರ ಯಾರೂ ಹೊತ್ತೊಯ್ದಿರಲಿಲ್ಲ. ಕೆಳಗಿನ ಖಾನೆಯಲ್ಲಿ ಕಪ್ಪು-ಬಿಳುಪು ಕಾಗದದ ಒಂದು ಪೆಟ್ಟಿಗೆ ಸಿಕ್ಕಿತು. ಬಣ್ಣದಲ್ಲಿ ಆಗದಿದ್ದರೆ ಇದರಲ್ಲಾದರೂ ಸರ್ ಅವರ ಫೋಟೋ ಒಂದು ಹಾಕಿ ಅಕ್ಕನಿಗೆ ಕಳಿಸೋಣ ಎಂದುಕೊಂಡೆ. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಇದು ಮಾತ್ರ. ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ಬಣ್ಣದ ನೆಗೆಟಿವನ್ನು ಸಾಮಾನ್ಯ ಕಪ್ಪು-ಬಿಳುಪು ಕಾಗದದ ಮೇಲೆ ಬೀಳಿಸಿದರೆ ಬಣ್ಣಗಳು ನ್ಯಾಯವಾಗಿ ಬೂದುಬಣ್ಣಕ್ಕೆ ತಿರುಗುವುದಿಲ್ಲ. ಆ ಕಾಗದಕ್ಕೆ ಕೆಂಪು ಕಾಣದು, ಹಳದಿಯೂ ಅಷ್ಟಕ್ಕಷ್ಟೇ. ಎರಡೂ ಕಪ್ಪಾಗಿಬಿಡುತ್ತವೆ. ಬಿಳಿ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಸ್ವೆಟರ್ ತೊಟ್ಟು ಪೈಪು ಹಿಡಿದು ಬಗ್ಗಿದ್ದ ಸರ್, ಅಕ್ಕ ಕರೆದಾಗ ತಿರುಗಿ ನಕ್ಕ ಚಿತ್ರ ಅದು. ಟ್ರೇಯ ನೀರಿನಲ್ಲಿ ಅವರ ಮುಖ ಮೇಲೆ ಬಂತು — ಕಪ್ಪಾಗಿ, ಕಲೆಕಲೆಯಾಗಿ, ಯಾರದೋ ಮುಖದಂತೆ. ಹರಿದು ಹಾಕಿದೆ. ಕಾಗದ ಕೆಟ್ಟಿದೆಯೋ ಏನೋ ಎಂದು ನೋಡಲು ಹೂಗಳ ಚಿತ್ರಗಳನ್ನೂ ಹಾಕಿದೆ. ದಾಸವಾಳ ಕಪ್ಪಾಗಿ ಬಂತು. ಚೆಂಡುಹೂ ಕಪ್ಪಾಗಿ ಬಂತು. ಹೊರಗಿನ ಮಸಿಯೆಲ್ಲ ಅವುಗಳ ಮೇಲೆ ಸುರಿದ ಹಾಗೆ. ಅವು ಭಯ ಹುಟ್ಟಿಸುವಷ್ಟು ಚೆನ್ನಾಗಿದ್ದವು. ಒಣಗಲು ತಂತಿಗೆ ಸಿಕ್ಕಿಸಿದೆ.

ಆಗ ಆ ವಾರಪತ್ರಿಕೆಯ ವರದಿಗಾರ ಬಂದ. ಫಿಲ್ಮ್ ಸಿಗುತ್ತದೆಯೇ ಎಂದು ವಿಚಾರಿಸಲು ಬಂದವನು. ತಂತಿಯ ಹತ್ತಿರ ಹೋಗಿ ಒಂದೊಂದೇ ಚಿತ್ರ ನೋಡತೊಡಗಿದ.

"ಭಾಯಿ, ಇದು ಅಹ್ಮದಿಯಾ?" ಹಿಂದಿಯಲ್ಲಿ ಕೇಳಿದ.

"ಹೌದು."

"ಈಗಿನದಾ? ಹೊಗೆ ಬಿದ್ದದ್ದಾ?"

ಇಲ್ಲ ಅನ್ನಲು ಒಂದು ಉಸಿರು ಸಾಕಿತ್ತು. ಆ ಉಸಿರು ಎಳೆದುಕೊಂಡದ್ದೂ ನೆನಪಿದೆ. "ಹೌದು," ಅಂದೆ. "ತೆಗೆದದ್ದು ನೀನಾ?" — ಅದಕ್ಕೂ ಹೌದು. ಅವನಿಗೆ ಕೊಡಲು ಆರಿಸುವಾಗ ಮಲ್ಲಿಗೆ ಇದ್ದವನ್ನು ಬದಿಗಿಟ್ಟೆ. ಮಸಿಯ ನಡುವೆ ಬಿಳಿ ಮಲ್ಲಿಗೆ ಯಾರಿಗಾದರೂ ಅನುಮಾನ ತರಬಹುದು ಎಂದು. ಆ ಎಚ್ಚರವೇ ನನ್ನನ್ನು ಈಗಲೂ ಚುಚ್ಚುವುದು. ಬಾಯಿತಪ್ಪಿ ಆಡಿದ ಸುಳ್ಳು ಎಂದು ಹೇಳಿಕೊಳ್ಳಲು ಅದು ಬಿಡುವುದಿಲ್ಲ. ಹೊರಗೆ ನಿಜವಾಗಿಯೂ ಹೂಗಳು ಕಪ್ಪಾಗಿಯೇ ಇದ್ದವಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಇದ್ದವು. ಅವನ್ನು ಹೋಗಿ ನೋಡಿ ತೆಗೆದವರು ಬೇರೆಯವರು.

ಚಿತ್ರಗಳು ಅಚ್ಚಾದವು. ಅವುಗಳ ಬಲದ ಮೇಲೆ ದುಬೈಯ ಪತ್ರಿಕೆಯೊಂದರಲ್ಲಿ ಫೋಟೋಗ್ರಾಫರ್ ಆದೆ. ಆಮೇಲೆ ತೆಗೆದ ಚಿತ್ರಗಳೆಲ್ಲ ನನ್ನವೇ, ಆದರೆ ಯಾರು ಪರಿಚಯ ಮಾಡಿಸಿದರೂ "ಆ ಕಪ್ಪು ಹೂಗಳ ವಿಠಲ" ಎಂದೇ.

ತೊಂಬತ್ತೊಂದರ ಕೊನೆಗೆ ರಜೆಯಲ್ಲಿ ಬಂದಾಗ ಶಾರದಕ್ಕ ಹೇಳಿಕಳಿಸಿದರು. ಈ ಸಲ ಹೋಗದೆ ಇರಲಾಗಲಿಲ್ಲ. ತವರುಮನೆಯ ಪಡಸಾಲೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಡೇರೆಯ ದಿನಗಳ ಬಗ್ಗೆ ಕೇಳಿದರು, ಹೇಳಿದೆ. ಅಳಲಿಲ್ಲ. ಆಮೇಲೆ ಒಳಗಿನಿಂದ ಆ ವಾರಪತ್ರಿಕೆ ತಂದರು.

"ಇದು ನಮ್ಮ ಮನೀನ ಅಲ್ಲೇನು? ಈ ಒಡಕ ಕುಂಡ ನಮ್ಮದು."

"ಹೌದಕ್ಕ."

"ಹೋಗಿದ್ದೇನು ಅಲ್ಲಿಗೆ?"

"ಹೋಗಿದ್ದೆ."

ಮೆಲ್ಲಗೆ ಆ ಪುಟದ ಮೇಲೆ ಕೈಯಾಡಿಸಿದರು. ತಾವೇ ತೆಗೆದ ಚಿತ್ರ ಅವರಿಗೆ ಗುರುತು ಸಿಗಲಿಲ್ಲ. ಪ್ರಿಂಟನ್ನು ಅವರು ನೋಡಿಯೇ ಇರಲಿಲ್ಲವಲ್ಲ, ಮೇಲಾಗಿ ಕೆಂಪು ಎಲ್ಲಿ ಉಳಿದಿತ್ತು? "ಹೋಗಿ ನೋಡಿ ಬಂದಿ. ಅಷ್ಟ ಸಾಕು ತಮ್ಮಾ. ಅವರಿಗೆ ಸಮಾಧಾನ ಆಗಿರತೈತಿ." ಪತ್ರಿಕೆ ಮಡಚಿಟ್ಟು ಕೇಳಿದರು: "ಆ ರೋಲು?"

ನೆಗೆಟಿವುಗಳು ಕಾರ್ಕಳದ ಮನೆಯಲ್ಲಿ ನನ್ನ ಪೆಟ್ಟಿಗೆಯಲ್ಲಿದ್ದವು. ಸರ್ ನಗುತ್ತಿದ್ದ ಚಿತ್ರ, ಅಚ್ಚಾದ ದಾಸವಾಳ, ಎರಡೂ ಒಂದೇ ತುಂಡು ಫಿಲ್ಮಿನಲ್ಲಿ, ಪಕ್ಕಪಕ್ಕ. ಅದನ್ನು ಕೊಟ್ಟರೆ ಇದು ತಿಳಿಯುತ್ತದೆ.

"ಲೂಟಿಯಲ್ಲಿ ಹೋಯಿತು ಅಕ್ಕ. ಏನೂ ಉಳಿಯಲಿಲ್ಲ."

"ಅದರಾಗ ಅವರದೊಂದು ಇತ್ತು," ಅಂದರು. ನನಗೆ ಗೊತ್ತಿಲ್ಲವೇನೋ ಎಂಬಂತೆ. "ಈ ಕೂಸಿಗೆ ತೋರ್ಸೋಣು ಅಂತಿದ್ದೆ. ಅವರು ನಗೋದು ಅದೊಂದರಾಗ ಹಿಡದಿದ್ದೆ." ಮದುವೆಯ ಫೋಟೋದಲ್ಲಿ ಬಾಸಿಂಗ ಕಟ್ಟಿ ಬಿಗಿದುಕೊಂಡು ನಿಂತಿದ್ದಾರೆ, ಪಾಸ್‌ಪೋರ್ಟಿನದು ಹೇಗೂ ಪಾಸ್‌ಪೋರ್ಟಿನದು, ಉಳಿದ ಆಲ್ಬಮ್ಮೆಲ್ಲ ಅಹ್ಮದಿಯ ಮನೆಯಲ್ಲೇ ಹೋಗಿತ್ತು. ಅವರು ಕೊಟ್ಟ ಚಹಾ ಕುಡಿದೆ. ಮಗುವಿನ ಕೈಗೆ ಬೆಳ್ಳಿ ಬಳೆ ಇಟ್ಟು ಎದ್ದು ಬಂದೆ.

ಕತ್ತರಿ ಹಿಡಿದು ಆ ಒಂದು ಚಿತ್ರ ಬೇರೆ ಮಾಡಿ, ಹೇಗೋ ಸಿಕ್ಕಿತು ಎಂದು ಆಮೇಲೆ ಕೊಡಬಹುದಿತ್ತು. ಇನ್ನೊಂದು ಸುಳ್ಳು ಹೇಳಿದ್ದರೂ ಆ ಮಗುವಿಗೆ ಅಪ್ಪನ ನಗು ಸಿಗುತ್ತಿತ್ತು. ಯಾವಾಗಲೋ ಮಾಡೋಣ ಎಂದುಕೊಂಡೆ — ಮದುವೆಯಾಯಿತು, ಮಕ್ಕಳಾದರು, ದುಬೈ ಬಿಟ್ಟು ಮಂಗಳೂರಿಗೆ ಬಂದು ಮನೆ ಮಾಡಿದೆ, ಪೆಟ್ಟಿಗೆ ಅಟ್ಟದ ಮೇಲೆ ಹೋಯಿತು — ಯಾವಾಗಲೋ ಎನ್ನುವುದು ಬರಲೇ ಇಲ್ಲ.

ಹೋದ ವರ್ಷ ಒಂದು ಫೋನ್ ಬಂತು. "ಅಂಕಲ್, ನಾನು ಪಲ್ಲವಿರಿ. ಅಹ್ಮದಿ ಬಸವರಾಜ ಅವರ ಮಗಳು." ಅಮ್ಮನಿಗೆ ಎಪ್ಪತ್ತು ತುಂಬುತ್ತದೆ, ನೀವು ತೆಗೆದ ಆ ತೋಟದ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಕೊಡಬೇಕು ಅಂದಳು. "ನಮ್ಮಪ್ಪಾರ ತೋಟದ್ದು ಅದೊಂದ ಉಳದೈತ್ರಿ. ನಾ ಸಣ್ಣಕಿ ಇದ್ದಾಗಿಂದ ಅದನ್ನ ನೋಡಕೋತ ಬೆಳೆದೀನಿ."

ಆಗಲಿ ಅಂದೆ. ಫೋನಿಟ್ಟು ಅಡುಗೆಮನೆಗೆ ಹೋದೆ. ಹೆಂಡತಿಗೆ ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ, "ಪೆಟ್ಟಿಗೆ ಇಳಿಸಿ," ಅಂದಳು.

ಕರಾವಳಿಯ ತೇವ ತನ್ನ ಕೆಲಸ ಮಾಡಿತ್ತು. ಲ್ಯಾಬಿನವರು ಸ್ಕ್ಯಾನ್ ಮಾಡಿ ತೋರಿಸಿದಾಗ ಸರ್ ಅವರ ಮುಖ ಒಂದು ಬಗೆಯ ನೀಲಿಗೆ ತಿರುಗಿತ್ತು, ಸ್ವೆಟರಿನ ಬಣ್ಣ ಇಂಥದೆಂದು ಹೇಳುವಂತಿರಲಿಲ್ಲ, ದಾಸವಾಳ ಕಂದು. ಆದಷ್ಟು ತಿದ್ದಿಸಿದೆ. ಪ್ರಿಂಟುಗಳನ್ನೂ ನೆಗೆಟಿವುಗಳನ್ನೂ ಒಂದು ಲಕೋಟೆಯಲ್ಲಿ ಹಾಕಿಕೊಂಡು ಧಾರವಾಡಕ್ಕೆ ಹೋದೆ. ಅಕ್ಕನ ಎದುರು ಇಟ್ಟು, ಈಗ ಬರೆದದ್ದನ್ನೇ, ಇದೇ ಕ್ರಮದಲ್ಲಿ ಹೇಳಿದೆ. ಪಲ್ಲವಿ ನಡುವೆ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಅಕ್ಕ ಕನ್ನಡಕ ಹಾಕಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಈ ಸ್ವೆಟರ್ ನಾನ ಹೆಣೆದದ್ದು," ಅಂದರು. "ಯಾವ ಬಣ್ಣ ಇತ್ತು ಇದು?"

ನನಗೆ ಗೊತ್ತಿರಲಿಲ್ಲ.

"ನನಗೂ ನೆನಪಿಲ್ಲ ನೋಡು. ಅವತ್ತು ಕೊಟ್ಟಿದ್ರ ಗೊತ್ತಿರತಿತ್ತು."

ಕಸುಬಿನ ಅಭ್ಯಾಸದಿಂದ ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ: "ಬಣ್ಣ ಹೋದ ಚಿತ್ರಗಳನ್ನು ಕಪ್ಪು-ಬಿಳುಪು ಮಾಡುತ್ತಾರೆ ಅಕ್ಕ. ಈಗ ಸರಿಯಾಗಿ ಬರುತ್ತದೆ. ಮುಖ ಚೆನ್ನಾಗಿ ಕಾಣುತ್ತದೆ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬ್ಯಾಡ," ಅಂದರು. "ನೀ ಇನ್ನ ಏನೂ ಮಾಡಬ್ಯಾಡ ಇದಕ್ಕ."

ಪಲ್ಲವಿ ಕೇಳಿದ್ದ ದೊಡ್ಡ ಚಿತ್ರವನ್ನು ನಾನು ಮಾಡಿಸಲಿಲ್ಲ. ಆ ವಾರಪತ್ರಿಕೆ ಮುಚ್ಚಿ ಹೋಗಿದೆ, ತಿದ್ದುಪಡಿ ಹಾಕುವವರಿಲ್ಲ. ಅದಕ್ಕೇ ನನ್ನ ಭಾಷೆಯಲ್ಲಿ, ನನ್ನ ಹೆಸರು ಹಾಕಿ ಇಲ್ಲಿ ಬರೆದಿದ್ದೇನೆ. ಎಲ್ಲಾದರೂ ಗೋಡೆಯ ಮೇಲೆ, ಪುಸ್ತಕದಲ್ಲಿ, ಆ ಕಪ್ಪು ಹೂಗಳ ಕೆಳಗೆ ವಿಠಲ ಎಂದು ಕಂಡವರು ಅದನ್ನು ಹೊಡೆದುಹಾಕಿ ಶಾರದಾ ಎಂದು ಬರೆದುಕೊಳ್ಳಲಿ. ಅಕ್ಕನ ಮನೆಗೆ ಮತ್ತೆ ಹೋಗಿಲ್ಲ. ಅವತ್ತು ಬಾಗಿಲವರೆಗೆ ಬಂದಿದ್ದರು. ಹೋಗಿ ಬಾ ಅನ್ನಲಿಲ್ಲ.